ಯುದ್ಧಕಾಲದ ಆಮದೂ ವರ್ತಕರ ದಂಡವಿಮೋಚನೆಯೂ

ಧಾರವಾಡ ತಾಲ್ಲೂಕಿನಲ್ಲಿ ಉಪ್ಪಿನಬೆಟಗೇರಿ ಎಂಬುದೊಂದು ಊರು. ಗದಗಿನೊಡನೆ ಜೋಡಿಯಾಗಿ ಹೆಸರು ಹೇಳಿಸಿಕೊಳ್ಳುವ, ನೇಕಾರಿಕೆಗೆ ಹೆಸರಾದ ಬೆಟಗೇರಿ ಬೇರೆ, ಇದು ಬೇರೆ. ದೂರದ ಪಟ್ಟಣಗಳ ಶ್ರೋತೃಗಳು ಎರಡನ್ನೂ ಒಂದೆಂದೆಣಿಸುವುದುಂಟಾದುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನ ಹೆಸರಿನಲ್ಲಿ ಉಪ್ಪಿದೆ; ಹೊಲದಲ್ಲಿರುವುದು ಎರೆಮಣ್ಣು. ಜೋಳ, ಕಡಲೆ, ಹತ್ತಿಗಳನ್ನು ಆ ಮಣ್ಣು ಕೊಡುತ್ತದೆ. ಉಪ್ಪನ್ನು ಮಾತ್ರ ಕಡಲ ಕಡೆಯಿಂದಲೇ ತರಿಸಬೇಕು. ಉಪ್ಪಿನಂತೆಯೇ ಇನ್ನೂ ಎಷ್ಟೋ ಪದಾರ್ಥಗಳು ಕಡಲನ್ನು ದಾಟಿ, ಬಂದರನ್ನು ಹಾಯ್ದು, ಪೇಟೆಯ ದೊಡ್ಡ ಸಾಹುಕಾರರ ಮಳಿಗೆಗಳಿಂದ ಇಳಿದಿಳಿದು, ಕೊನೆಗೆ ಇಂಥ ಊರುಗಳ ಅಂಗಡಿಗೆ ಬಂದು ಸೇರುವುವು. 1939ಕ್ಕೆ ಮುಂಚೆ ಜರ್ಮನಿಯ ಬಣ್ಣ, ಬರ್ಮಾದೇಶದ ಸೀಮೆಎಣ್ಣೆ, ಜಾವಾದ್ವೀಪದ ಕ್ವಿನೈನು, ಇಂಗ್ಲೆಂಡಿನ ಸೂಜಿ ಇವೆಲ್ಲವೂ ಒಳನಾಡಿಗೆ ಬರುತ್ತಿದ್ದುದು ಈ ಕ್ರಮದಿಂದಲೇ. ಕೊಳ್ಳುವವನು ಕಡಲನ್ನು ಕಂಡಿರಲಿಲ್ಲ; ಕಡಲಿನ ಮೇಲೆ ನಡೆದುದರ ಬೆಲೆಯನ್ನು ಮಾತ್ರ ಅವನು ಪ್ರತಿಸಲವೂ ಕೊಟ್ಟಿದ್ದಾನೆ.

ಈ ಸೀಮೆಗೆ ಹತ್ತಿರದ ದೊಡ್ಡ ಬಂದರು ಮಾರ್ಮಗೋವೆ. ಹುಬ್ಬಳ್ಳಿ ಧಾರವಾಡಗಳಿಂದ ಲೋಂಡಾ, ಕ್ಯಾಸಲ್‌ರಾಕುಗಳ ಮಾರ್ಗವಾಗಿ ಘಟ್ಟವನ್ನಿಳಿದು ಅಲ್ಲಿಗೆ ಮುಟ್ಟುವ ರೈಲುದಾರಿ 1888ರಲ್ಲಿ ತೆರೆಯಿತು. ಆದರೆ ಆ ಬಂದರು 1961ರ ಡಿಸೆಂಬರಿನವರೆಗೂ ಪೋರ್ತುಗೀಸರ ವಶದಲ್ಲಿದ್ದಿತು. ಆದುದರಿಂದ ಅಲ್ಲಿ ಇಳಿದ ಸರಕು ಧಾರವಾಡಕ್ಕೆ ಬರಬೇಕಾದರೆ ಘಟ್ಟದ ತಲೆಯ ಮೇಲಿದ್ದ ಕ್ಯಾಸಲ್‌ರಾಕಿನ ಸುಂಕದ ಕಟ್ಟೆಯಲ್ಲಿ ಪರದೇಶದ ಸರಕಿನಂತೆಯೇ ತಪಾಸಣೆಗೆ ಒಳಗಾಗಬೇಕಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಪೋರ್ತುಗಲ್ ತಟಸ್ಥವಾಗಿದ್ದಿತಷ್ಟೆ. ಜರ್ಮನಿಯ ಮೂರು ಹಡಗುಗಳೂ ಇಟಲಿಯ ಒಂದು ಹಡಗೂ ಮಾರ್ಮಗೋವೆಯಲ್ಲಿ ಆಶ್ರಯ ಪಡೆದು ನಿಂತಿದ್ದು, 1943ರ ಮಾರ್ಚ್ 9ರ ರಾತ್ರಿಯ ದಾಳಿಯ ಕಾಲದಲ್ಲಿ ಬೆಂಕಿಗೂ ನೀರಿಗೂ ತುತ್ತಾದುವು. ಕಡಲಿನಿಂದ ದೂರವಿರುವ ಒಂದು ಜಿಲ್ಲೆಗೆ ಯುದ್ಧವು ಎಷ್ಟು ಹತ್ತಿರ ಬರಬಹುದೆಂಬುದಕ್ಕೆ ಇದು ಸಾಕ್ಷಿ.

ಯುದ್ಧ ಬಂದೊಡನೆ ಸರಕಾರಗಳು ಆಮದಿಗೆ ಕಟ್ಟು ಹಾಕುತ್ತವೆ. ಹಡಗುಗಳು ಸಾಲವು, ಪರದೇಶದ ಹಣ ಸಾಲದು, ಶತ್ರುವಿನ ವ್ಯಾಪಾರಕ್ಕೆ ನಮ್ಮ ಹಣ ಸಲ್ಲಬಾರದು, ಕಾರಣಗಳು ಸಾಧುವಾದುವೇ. ಕಟ್ಟನ್ನು ಮೀರಿದ ವರ್ತಕನಿಗೆ ದಂಡವುಂಟು. ಆದರೆ ಹೀಗೆ ದಂಡಕ್ಕೆ ಸಿಕ್ಕುವವರೆಲ್ಲರೂ ಒಂದೇ ಜಾತಿಯವರಲ್ಲ. ಕತ್ತಲಲ್ಲಿ ದೋಣಿಯನ್ನು ದಡಕ್ಕೆ ತರುವ ಕಳ್ಳಸಾಗಣೆಗಾರನೊಬ್ಬ. ರಹದಾರಿಯನ್ನು ಒಂದು ಕೆಲಸಕ್ಕೆ ಪಡೆದು ಸರಕನ್ನು ಮತ್ತೊಂದು ಕಡೆ ಮಾರುವ ಜಾಣನೊಬ್ಬ. ಇವರಿಬ್ಬರಿಗಾಗಿ ನಾವು ಬಾಯಿ ತೆರೆಯಬೇಕಾದುದಿಲ್ಲ. ಮೂರನೆಯವನೊಬ್ಬನಿದ್ದಾನೆ. ಅವನು ಸರಕಿಗೆ ಹಣ ಕೊಟ್ಟಾಗ ಕಾನೂನು ಒಂದು ಬಗೆಯಾಗಿದ್ದಿತು, ಅಥವಾ ಹಾಗೆಂದು ನಂಬಲು ಅವನಿಗೆ ಸಕಾರಣವಿದ್ದಿತು. ಸರಕು ಬಂದರಿಗೆ ಬಂದಿಳಿದಾಗ ಕಾನೂನು ಬೇರೆಯಾಗಿದ್ದಿತು. ನಡುವೆ ಇದ್ದುದು ಸಮುದ್ರ. ಇಂಥವನಿಗೆ ಶಾಸನಸಭೆಯು ಏನು ಮಾಡಬೇಕು? ಈ ಪ್ರಶ್ನೆಯನ್ನು ಎದುರಿಸಿ, ವಾದಿಸಿ, ಲಿಖಿತ ಶಾಸನದಿಂದಲೇ ಉತ್ತರ ಕೊಟ್ಟ ಒಂದು ಪ್ರಸಿದ್ಧ ನಿದರ್ಶನ ಅಮೆರಿಕಾ ಸಂಯುಕ್ತ ಸಂಸ್ಥಾನಗಳ 1813ನೆಯ ಇಸವಿಯದು.

ಧಾರವಾಡದ ಮಾತನ್ನೆತ್ತಿ ಅಮೆರಿಕೆಗೆ ಹಾರಿದರೆಂದು ಶ್ರೋತೃಗಳು ಎಣಿಸಬಾರದು. ಈ ಎರಡು ಸೀಮೆಗಳಿಗೆ ವ್ಯಾಪಾರದ ನೆಂಟಸ್ತನ ಹಳೆಯದು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬೀಜವನ್ನು ತಂದು ಧಾರವಾಡದ ಎರೆಯಲ್ಲಿ ಬಿತ್ತಿದರು. ಅದರ ಬೆಳೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಪೇಟೆಗಳಲ್ಲಿ ಸಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಲ್ಯಾಂಕಷೈರಿಗೆ ಬರುವುದು ನಿಂತಾಗ, ಈ ಹತ್ತಿಗೆ ಬಂದ ಬೆಲೆಯೂ ಆ ಬೆಲೆಯ ಆಸೆಗೆ ನಡೆದ ಬೆರಕೆಯೂ ಎಷ್ಟಾಯಿತೆಂದರೆ, 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯಲೆಂದೇ ಒಂದು ಶಾಸನವನ್ನು ಮಾಡಬೇಕಾಯಿತು. ದೂರದೇಶದ ಯುದ್ಧವೊಂದು ನಮ್ಮ ವರ್ತಕನನ್ನು ದಂಡನೆಯ ಅಂಚಿಗೆ ತರಬಲ್ಲುದೆಂಬುದನ್ನು ಈ ಸೀಮೆ ಆಗಲೇ ಕಂಡಿದ್ದಿತು. ಈಗ ನಾವು ಹೇಳತಕ್ಕ ವೃತ್ತಾಂತ ಅದಕ್ಕೂ ಅರ್ಧ ಶತಮಾನ ಹಿಂದಿನದು.

ನೆಪೋಲಿಯನ್ನನ ಕಾಲ. ಬ್ರಿಟನ್ನಿಗೂ ಫ್ರಾನ್ಸಿಗೂ ಘೋರಯುದ್ಧ ನಡೆಯುತ್ತಿದ್ದಿತು. 1807ರಲ್ಲಿ ಬ್ರಿಟಿಷ್ ಸರಕಾರವು ರಾಜಸಭೆಯ ಆಜ್ಞೆಗಳೆಂಬ ಹೆಸರಿನಿಂದ ಕೆಲವು ನಿಬಂಧನೆಗಳನ್ನು ಹೊರಡಿಸಿ, ತಟಸ್ಥರಾದ ಅಮೆರಿಕನ್ನರ ಹಡಗುಗಳು ಯೂರೋಪಿನೊಡನೆ ಸ್ವತಂತ್ರವಾಗಿ ವ್ಯಾಪಾರ ಮಾಡದಂತೆ ತಡೆಯಿತು. ಅಮೆರಿಕಕ್ಕೆ ಆಗ ಹೇಳಿಕೊಳ್ಳುವಂಥ ನೌಕಾಬಲವಿರಲಿಲ್ಲ. ಅದು ಫಿರಂಗಿಯ ಬದಲು ಅಂಗಡಿಯ ಬಾಗಿಲನ್ನು ಆಯುಧವಾಗಿ ಹಿಡಿಯಿತು. ನಮ್ಮ ದೇಶದಲ್ಲಿ 1905ರ ಬಂಗಾಳ ವಿಭಜನೆಯ ತರುವಾಯ ಜನರು ತಾವಾಗಿ ಕೈಕೊಂಡ ಪರದೇಶಿ ಬಹಿಷ್ಕಾರವನ್ನು ಅಲ್ಲಿ ಸರಕಾರವೇ ಕಾಯಿದೆಯಾಗಿ ಮಾಡಿತೆಂದರೆ ವಿಷಯವು ಬೇಗ ಮನಸ್ಸಿಗೆ ಬಂದೀತು. ನಾನಾ ಪ್ರಯೋಗಗಳಾದ ಬಳಿಕ, 1811ರ ಫೆಬ್ರವರಿ 2ರಿಂದ ಬ್ರಿಟಿಷ್ ಸರಕಿನ ಆಮದು ನಿಷಿದ್ಧವೆಂದಾಯಿತು; ಮಾರ್ಚ್ 2ರ ಶಾಸನವು ಅದನ್ನು ಸ್ಥಿರಪಡಿಸಿತು. ಮೀರಿ ತಂದ ಸರಕು ಮುಟ್ಟುಗೋಲಿಗೆ ಒಳಪಡುವುದು. ಅದರ ಮೇಲೆ ದಂಡವೂ ಉಂಟು. ಮುಟ್ಟುಗೋಲಿನಿಂದ ಬಂದ ಹಣದಲ್ಲಿ ಅರ್ಧ ಸರಕಾರದ ಬೊಕ್ಕಸಕ್ಕೆ. ಉಳಿದ ಅರ್ಧ ಹಿಡಿದ ಸುಂಕದ ಅಧಿಕಾರಿಗಳಿಗೂ ಸುಳಿವು ಕೊಟ್ಟವರಿಗೂ. ಈ ಅರ್ಧಾರ್ಧ ಹಂಚಿಕೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದಿನ ವಾದದಲ್ಲಿ ಇದಕ್ಕೆ ಕೆಲಸವಿದೆ.

1812ರ ಜೂನ್ ತಿಂಗಳಿನಲ್ಲಿ ವಿಧಿಯ ಚೇಷ್ಟೆಯಂಥ ಒಂದು ಪ್ರಸಂಗ ನಡೆಯಿತು. ಜೂನ್ 18ರಂದು ಅಮೆರಿಕವು ಬ್ರಿಟನ್ನಿನ ಮೇಲೆ ಯುದ್ಧವನ್ನು ಸಾರಿತು. ಸಾರಿದುದಕ್ಕೆ ಮುಖ್ಯ ಕಾರಣಗಳಲ್ಲೊಂದು ಆ ಆಜ್ಞೆಗಳೇ. ಜೂನ್ 23ರಂದು, ಎಂದರೆ ಸರಿಯಾಗಿ ಐದು ದಿನಗಳ ಮೇಲೆ, ಲಂಡನ್ನಿನಲ್ಲಿ ಬ್ರಿಟಿಷ್ ಸರಕಾರವು ಆ ಆಜ್ಞೆಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಇವರು ಮಾಡಿದುದು ಅವರಿಗೆ ತಿಳಿಯದು, ಅವರು ಮಾಡಿದುದು ಇವರಿಗೆ ತಿಳಿಯದು. ತಂತಿಯಿಲ್ಲದ ಕಾಲ, ಅಟ್ಲಾಂಟಿಕ್ ಸಾಗರವನ್ನು ಸುದ್ದಿ ದಾಟಬೇಕಾದರೆ ಹಾಯಿಹಡಗಿಗೆ ವಾರಗಳು ಬೇಕು. ಯುದ್ಧದ ವಾರ್ತೆ ಇಂಗ್ಲೆಂಡಿಗೆ ಮುಟ್ಟಿದುದು ಜುಲೈ ತಿಂಗಳ ಕೊನೆಗೆ.

ಆ ಅವಧಿಯಲ್ಲಿ ಇಂಗ್ಲೆಂಡಿನ ಬಂದರುಗಳಲ್ಲಿದ್ದ ಅಮೆರಿಕದ ವರ್ತಕರೂ ಅವರ ಮುನೀಮರೂ ಏನೆಂದು ಎಣಿಸಿದರು? ನಮ್ಮ ಸರಕಾರ ಆಮದನ್ನು ತಡೆದುದು ಈ ಆಜ್ಞೆಗಳ ಕಾರಣದಿಂದ, ಆಜ್ಞೆಗಳು ಹೋದುವು, ಇನ್ನು ತಡೆಯೂ ಹೋಗುವುದು ಖಂಡಿತ ಎಂದು ಎಣಿಸಿದರು. ಇದು ಮೂರ್ಖರ ತರ್ಕವಲ್ಲ. ಬ್ರಿಟನ್ನು ತನ್ನ ಆಜ್ಞೆಗಳನ್ನು ಹಿಂದೆಗೆದರೆ ನಿಷೇಧವು ನಿಲ್ಲುವುದೆಂಬುದೇ ಆ ಇಡೀ ನೀತಿಯ ಆಶಯವಾಗಿದ್ದಿತು. ಒಂದೂವರೆ ವರ್ಷದಿಂದ ಮಳಿಗೆಗಳಲ್ಲಿ ಕೊಂಡು ಕೂಡಿಟ್ಟಿದ್ದ ಬಟ್ಟೆ, ಕಬ್ಬಿಣದ ಸಾಮಾನುಗಳನ್ನೆಲ್ಲ ಹಡಗಿಗೆ ತುಂಬಿಸಿದರು. ಹಡಗುಗಳು ಹೊರಟುವು. ಹೊರಡುವಾಗ ಶಾಂತಿಯ ಸಂತೋಷ, ಮುಟ್ಟುವಾಗ ಯುದ್ಧ.

ಅಧ್ಯಕ್ಷ ಮ್ಯಾಡಿಸನ್ನನ ಸರಕಾರವು ಈ ಹಡಗುಗಳ ವಿಷಯದಲ್ಲಿ ಮೊದಲು ಕನಿಕರವನ್ನೇ ತೋರಿತು. ಶತ್ರುವಿನ ಹಡಗುಗಳನ್ನು ಹಿಡಿಯಲು ಪರವಾನೆ ಪಡೆದಿದ್ದ ಖಾಸಗಿ ಯುದ್ಧನೌಕೆಗಳವರಿಗೆ, 1812ರ ಆಗಸ್ಟ್ 28ರಂದು ಒಂದು ಸೂಚನೆ ಹೊರಟಿತು: ಆಜ್ಞೆಗಳು ರದ್ದಾದುವೆಂಬುದನ್ನು ಕೇಳಿ ಬ್ರಿಟಿಷ್ ಸರಕನ್ನು ತುಂಬಿಕೊಂಡು ಬರುತ್ತಿರುವ ಅಮೆರಿಕನ್ನರ ಹಡಗುಗಳನ್ನು ಅಡ್ಡಗಟ್ಟಕೂಡದು. ಹೀಗೆ ಸಮುದ್ರದ ಮೇಲೆ ರಕ್ಷಣೆ ದೊರೆಯಿತು. ದಡಕ್ಕೆ ಬಂದೊಡನೆ ಸುಂಕದವರು ಕೈಹಾಕಿದರು. 1811ರ ನಿಷೇಧವು ರದ್ದಾಗಿರಲಿಲ್ಲ. ಅಕ್ಷರಶಃ ನೋಡಿದರೆ ಸರಕೆಲ್ಲ ಅಪರಾಧದ ಸರಕು. ಹಲವೆಡೆ ಬೆಲೆಗೆ ತಕ್ಕ ಮುಚ್ಚಳಿಕೆ ಬರೆಯಿಸಿಕೊಂಡು ಸರಕನ್ನು ವರ್ತಕರಿಗೆ ಬಿಟ್ಟುಕೊಟ್ಟರು. ಹೀಗೆ ಬರೆಯಿಸಿಕೊಂಡ ಮುಚ್ಚಳಿಕೆಗಳ ಮೊತ್ತ ಸುಮಾರು 1 ಕೋಟಿ 80 ಲಕ್ಷ ಡಾಲರು. ಅದೇ ವರ್ಷ ಯುದ್ಧದ ಖರ್ಚಿಗಾಗಿ ಆ ಸರಕಾರ ಎತ್ತಬಯಸಿದ್ದ ಸಾಲ 1 ಕೋಟಿ 10 ಲಕ್ಷ ಡಾಲರು. ಅದೂ ಪೂರ್ತಿಯಾಗಿ ಹುಟ್ಟಿರಲಿಲ್ಲ. ಬೊಕ್ಕಸದ ಬಾಗಿಲಿನಲ್ಲಿ ಎಂಥ ಪ್ರಲೋಭನೆ ಬಂದು ನಿಂತಿದ್ದಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುವುವು.

ಅಂದಿನ ಅರ್ಥಸಚಿವ ಆಲ್ಬರ್ಟ್ ಗ್ಯಾಲಟಿನ್. ಜಿನೀವಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ, ಲೆಕ್ಕಪತ್ರದಲ್ಲಿ ನಿಷ್ಠುರನಾದ ಮನುಷ್ಯ. 1797ರ ಮಾರ್ಚ್ 3ರ ಒಂದು ಶಾಸನದ ಪ್ರಕಾರ, ಬುದ್ಧಿಪೂರ್ವಕವಾದ ಉದಾಸೀನವಾಗಲಿ ವಂಚಿಸುವ ಉದ್ದೇಶವಾಗಲಿ ಇಲ್ಲವೆಂದು ತೋರಿದಲ್ಲಿ ದಂಡವನ್ನೂ ಮುಟ್ಟುಗೋಲನ್ನೂ ಬಿಟ್ಟುಕೊಡುವ ಅಧಿಕಾರ ಅರ್ಥಸಚಿವನಿಗೆ ಇದ್ದೇ ಇದ್ದಿತು. ಅವನು ತಾನೊಬ್ಬನೇ ಕುಳಿತು ಒಬ್ಬನಿಗೆ ಬಿಟ್ಟು ಮತ್ತೊಬ್ಬನಿಂದ ಕಿತ್ತುಕೊಳ್ಳಬಹುದಾಗಿದ್ದಿತು. ಆದರೆ ಅಷ್ಟು ದೊಡ್ಡ ಮೊತ್ತವನ್ನೂ ಅಷ್ಟೊಂದು ಜನರ ಭಾಗ್ಯವನ್ನೂ ಒಬ್ಬ ಅಧಿಕಾರಿಯ ಮರ್ಜಿಗೆ ಬಿಡುವುದು ತಕ್ಕುದಲ್ಲವೆಂದು ಕಂಡು, ಗ್ಯಾಲಟಿನ್ ಆ ಪ್ರಶ್ನೆಯನ್ನು ಕಾಂಗ್ರೆಸ್ ಸಭೆಯ ಮುಂದಿಟ್ಟನು. ಕೈಯಲ್ಲಿದ್ದ ಅಧಿಕಾರವನ್ನು ತಾನಾಗಿ ಸಭೆಗೆ ಒಪ್ಪಿಸುವ ಸಚಿವರು ಯಾವ ಕಾಲದಲ್ಲಿಯೂ ಹೆಚ್ಚಲ್ಲ.

ಅವನ ಸ್ವಂತ ಅಭಿಪ್ರಾಯವನ್ನೂ ಹೇಳಬೇಕು. ಮುಟ್ಟುಗೋಲಿನಲ್ಲಿ ಸುಂಕದ ಅಧಿಕಾರಿಗಳಿಗೆ ಸಲ್ಲುವ ಅರ್ಧವನ್ನು ಬಿಟ್ಟುಬಿಡಬೇಕು. ಆದರೆ ಈ ವರ್ತಕರಿಗೆ ಸಹಜವಾಗಿ ಸಲ್ಲತಕ್ಕ ಲಾಭಕ್ಕಿಂತ ಬಹಳ ಹೆಚ್ಚಾದ ಲಾಭ ಬಂದಿರುವುದರಿಂದ ಅದರಲ್ಲೊಂದಂಶ ಬೊಕ್ಕಸಕ್ಕೆ ಬರಬೇಕು. ಲಾಭ ಬಂದುದು ಸುಳ್ಳಲ್ಲ. ಸುಮಾರು ಹದಿನೆಂಟು ತಿಂಗಳು ಬ್ರಿಟಿಷ್ ಬಟ್ಟೆಯಿಲ್ಲದೆ ಬತ್ತಿದ ಪೇಟೆ. ಯುದ್ಧ ಬಂದು ಮುಂದೆಯೂ ಬರುವ ಆಸೆಯಿಲ್ಲ. ನಡುವೆ ಬಂದ ಈ ಸರಕಿಗೆ ಕೇಳಿದ್ದೇ ಬೆಲೆ. ಸಭೆಯಲ್ಲಿ ವಿರೋಧಪಕ್ಷದವರ ಬಾಯಲ್ಲಿದ್ದುದೂ ಇದೇ ನ್ಯಾಯ. ಕಾನೂನನ್ನು ನಂಬಿ ಏನನ್ನೂ ತರಿಸದೆ ಕೈಕಟ್ಟಿ ಕುಳಿತ ವರ್ತಕನೊಬ್ಬನಿದ್ದಾನಲ್ಲವೆ? ಪರದೇಶದ ಬಟ್ಟೆ ಬಾರದೆಂದು ನೆಚ್ಚಿ ಮಗ್ಗಕ್ಕೆ ಬಂಡವಾಳ ಹಾಕಿದವನೊಬ್ಬನಿದ್ದಾನಲ್ಲವೆ? ತಪ್ಪಿದವನಿಗೆ ಲಾಭವನ್ನೂ ಕ್ಷಮೆಯನ್ನೂ ಕೂಡಿಯೇ ಕೊಟ್ಟರೆ ನಡೆದುಕೊಂಡವನಿಗೆ ಏನು ಕೊಟ್ಟಂತಾಯಿತು? ಇದು ಬಲವಾದ ಮಾತು. ಇದನ್ನು ಹಗುರಾಗಿ ತಳ್ಳುವವರು ವ್ಯಾಪಾರದ ಬೀದಿಯನ್ನು ನೋಡದವರು.

ಎದುರುಪಕ್ಷದಲ್ಲಿ ನಿಂತವರು ದಕ್ಷಿಣ ಕ್ಯಾರೊಲಿನಾದ ಲ್ಯಾಂಗ್ಡನ್ ಚೀವ್ಸ್ ಮತ್ತು ಜಾನ್ ಕ್ಯಾಲ್‌ಹೂನ್. ಚೀವ್ಸನು ಆದಾಯ ವ್ಯಯಗಳನ್ನು ನೋಡುವ ಸಮಿತಿಯ ಅಧ್ಯಕ್ಷ. ಇಬ್ಬರೂ ಯುದ್ಧಕ್ಕಾಗಿ ಉತ್ಸಾಹದಿಂದ ವಾದಿಸಿದವರು. ಯುದ್ಧಕ್ಕೆ ಹಣ ಬೇಕೆಂಬುದು ಇವರಿಗಿಂತ ಚೆನ್ನಾಗಿ ಬೇರಾರಿಗೂ ತಿಳಿದಿರಲಿಲ್ಲ. ಆದರೂ ಹಣವನ್ನು ತೆರಿಗೆಯಿಂದಲೋ ಸಾಲದಿಂದಲೋ ನೇರವಾಗಿ ಎತ್ತಬೇಕಲ್ಲದೆ, ಕಾಲದ ಗೊಂದಲಕ್ಕೆ ಸಿಕ್ಕಿದ ಒಂದು ವರ್ಗದ ಪ್ರಜೆಗಳಿಂದ ದಂಡದ ಹೆಸರಿನಲ್ಲಿ ಕಸಿಯಬಾರದೆಂಬುದು ಅವರ ಪಕ್ಷ. ಇಬ್ಬರಿಗೂ ಆಮದುನಿಷೇಧದ ನೀತಿಯಲ್ಲಿಯೇ ವಿಶ್ವಾಸವಿರಲಿಲ್ಲವೆಂಬುದನ್ನೂ ಸೇರಿಸಿ ಹೇಳುವುದು ನ್ಯಾಯ. ವಾದದಲ್ಲಿ ಔದಾರ್ಯದ ಜೊತೆಗೆ ರಾಜಕಾರಣವೂ ಇದ್ದಿತು. ಕೆಳಮನೆಯಲ್ಲಿ ಮಸೂದೆಯು ಗೆದ್ದುದು ಅತ್ಯಲ್ಪ ಬಹುಮತದಿಂದ. 1813ರ ಜನವರಿ 2ರಂದು ಅದು ಶಾಸನವಾಯಿತು.

ಈ ಶಾಸನದ ಶಿರೋನಾಮೆಯೇ ಗಮನಕ್ಕೆ ಅರ್ಹವಾಗಿದೆ. ಕೆಲವು ಪ್ರಕರಣಗಳಲ್ಲಿ ದಂಡ, ಮುಟ್ಟುಗೋಲು, ಶಿಕ್ಷೆಗಳನ್ನು ಬಿಟ್ಟುಕೊಡಬೇಕೆಂದು ಅರ್ಥಸಚಿವನಿಗೆ ‘ಆದೇಶಿಸುವ’ ಶಾಸನವೆಂದು ಅದನ್ನು ಕರೆದರು. ಬಿಡಬಹುದು ಎನ್ನುವುದು 1797ರ ಶಾಸನ. ಬಿಡಬೇಕು ಎನ್ನುವುದು 1813ರದು. ಮೊದಲನೆಯದರಲ್ಲಿ ವರ್ತಕನು ಅಧಿಕಾರಿಯ ಮುಂದೆ ಕೈಜೋಡಿಸಿ ನಿಲ್ಲುತ್ತಾನೆ. ಎರಡನೆಯದರಲ್ಲಿ ತನ್ನ ಸಂಗತಿಗಳನ್ನು ರುಜುಪಡಿಸಿ ತನಗೆ ಸಲ್ಲತಕ್ಕುದನ್ನು ಕೇಳುತ್ತಾನೆ. ಶಾಸನಸಭೆಯ ಪರಿಹಾರಕ್ಕೂ ಅಧಿಕಾರಿಯ ದಯೆಗೂ ಇರುವ ಭೇದ ಇಷ್ಟೇ, ಆದರೆ ಇದು ಸಣ್ಣ ಭೇದವಲ್ಲ.

ರುಜುಪಡಿಸಬೇಕಾದ ಸಂಗತಿಗಳಾವುವು? ಸರಕು ಹಡಗು ಹತ್ತಿದಾಗ ನಿಜವಾಗಿ ಅಮೆರಿಕದ ಪ್ರಜೆಯದಾಗಿರಬೇಕು. ಬ್ರಿಟಿಷ್ ವರ್ತಕನು ಅಮೆರಿಕದವನ ಹೆಸರಿನ ಮರೆಯಲ್ಲಿ ಕಳುಹಿಸಿದುದಾಗಿರಬಾರದು. ಆ ಹಡಗು 1812ರ ಜೂನ್ 23ಕ್ಕೂ ಸೆಪ್ಟೆಂಬರ್ 15ಕ್ಕೂ ನಡುವೆ ಬ್ರಿಟನ್ನಿನ ಬಂದರನ್ನು ಬಿಟ್ಟಿರಬೇಕು. ಖರ್ಚನ್ನೂ, ನ್ಯಾಯವಾಗಿ ತಂದಿದ್ದರೆ ಕೊಡಬೇಕಾಗಿದ್ದ ಸುಂಕವನ್ನೂ ಕೊಡಬೇಕು. ಆ ಸುಂಕವಾದರೂ ಕಡಮೆಯದಲ್ಲ. ಯುದ್ಧದ ಕಾರಣದಿಂದ 1812ರ ಜುಲೈ 1ರ ಶಾಸನವು ಆಮದುಸುಂಕವನ್ನು ಇಮ್ಮಡಿ ಮಾಡಿದ್ದಿತು. ಸರಕು ಬಂದಿಳಿದ ದಿನವನ್ನಾಗಲಿ ಸುಂಕದವನು ಹಿಡಿದ ದಿನವನ್ನಾಗಲಿ ಶಾಸನ ಲೆಕ್ಕಕ್ಕೆ ಹಿಡಿಯಲಿಲ್ಲ, ಹಡಗು ಹೊರಟ ದಿನವನ್ನು ಹಿಡಿಯಿತು. ಏಕೆಂದರೆ ವರ್ತಕನು ತನ್ನ ಬುದ್ಧಿಯನ್ನು ಓಡಿಸಬಲ್ಲುದು ಹೊರಡುವ ದಿನದವರೆಗೆ ಮಾತ್ರ. ಆಮೇಲೆ ಗಾಳಿಯ ಅಧೀನ. ಯುದ್ಧದ ಸುದ್ದಿ ಜುಲೈ ಕೊನೆಗೇ ಮುಟ್ಟಿದ್ದರೂ ಸೆಪ್ಟೆಂಬರ್ ನಡುವಿನವರೆಗೆ ಅವಕಾಶ ಕೊಟ್ಟುದು ಉದಾರವಾದ ಅಳತೆಯೆಂದೇ ನಮಗೆ ತೋರುತ್ತದೆ. ಕೊನೆಯ ಆರು ವಾರಗಳಲ್ಲಿ ಹೊರಟವರಿಗೆ ಯುದ್ಧ ತಿಳಿದಿರಲಿಲ್ಲವೆಂದು ಹೇಳುವುದು ಕಷ್ಟ.

ಈ ಔದಾರ್ಯಕ್ಕೆ ಎಲ್ಲೆಯಿಲ್ಲದೆ ಹೋಗಲಿಲ್ಲ. ‘ರ‍್ಯಾಪಿಡ್’ ಎಂಬ ಹಡಗಿನ ಮೊಕದ್ದಮೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಪ್ರಜೆಯೊಬ್ಬನು ಯುದ್ಧಕ್ಕೆ ಬಹಳ ಮುಂಚೆಯೇ ಇಂಗ್ಲೆಂಡಿನಲ್ಲಿ ಸರಕು ಕೊಂಡು, ಅದನ್ನು ನೋವಾಸ್ಕೋಷಿಯಾದ ಸೀಮೆಯ ಒಂದು ದ್ವೀಪದಲ್ಲಿಟ್ಟಿದ್ದನು. ಯುದ್ಧ ಹುಟ್ಟಿದೊಡನೆ ಆ ಸರಕನ್ನು ಮನೆಗೆ ತರಲೆಂದು ಹಡಗನ್ನು ಕಳುಹಿಸಿದನು. 1812ರ ಜುಲೈ ತಿಂಗಳಲ್ಲಿ ಅಮೆರಿಕದ ಖಾಸಗಿ ಯುದ್ಧನೌಕೆಯೇ ಅದನ್ನು ಹಿಡಿಯಿತು. ಸರಕು ನನ್ನದು, ಹಣ ಕೊಟ್ಟುದು ಯುದ್ಧಕ್ಕೆ ಮುಂಚೆ ಎಂದು ಅವನು ವಾದಿಸಿದನು. 1814ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಆ ವಾದವನ್ನೊಪ್ಪದೆ, ಯುದ್ಧವನ್ನು ತಿಳಿದ ಮೇಲೆ ಶತ್ರುದೇಶಕ್ಕೆ ಹಡಗು ಕಳುಹಿಸಿದುದೇ ಶತ್ರುವಿನೊಡನೆ ವ್ಯವಹಾರವೆಂದು ತೀರ್ಮಾನಿಸಿ ಸರಕನ್ನು ಹಿಡಿದವರಿಗೆ ಕೊಡಿಸಿತು. ಆ ಮನುಷ್ಯನಲ್ಲಿ ದ್ರೋಹಬುದ್ಧಿಯಿದ್ದಿತೆಂದು ನಮಗೆ ಕಾಣುವುದಿಲ್ಲ. ಆದರೆ ಶಾಸನದ ಕೈ ನೀಡಿದ್ದುದು ಹಡಗನ್ನು ಹೊರಡಿಸಿದಾಗ ಕಾಲದ ಗೊಂದಲದಲ್ಲಿದ್ದವರಿಗೆ; ಇವನು ತಿಳಿದೇ ಹೊರಡಿಸಿದವನು.

ಇನ್ನು ನಮ್ಮ ದೇಶಕ್ಕೆ ಬರೋಣ. 1939ರಲ್ಲಿ ಯುದ್ಧ ಬಂದಾಗ ಭಾರತರಕ್ಷಣಾ ಶಾಸನವೂ ಅದರ ಕೆಳಗಿನ ನಿಯಮಗಳೂ ಹುಟ್ಟಿದುವು. ಅವುಗಳಲ್ಲಿ 84ನೆಯ ನಿಯಮದ ಆಧಾರದ ಮೇಲೆ 1940ರ ಮೇ ತಿಂಗಳಲ್ಲಿ ಆಮದಿನ ಹತೋಟಿ ಆರಂಭವಾಯಿತು. ಮೊದಲು 68 ಬಗೆಯ ಸರಕುಗಳಿಗೆ, 1942ರ ಹೊತ್ತಿಗೆ ಬಹುಮಟ್ಟಿಗೆ ಎಲ್ಲಕ್ಕೂ. ರಹದಾರಿಯಿಲ್ಲದೆ ಬಂದ ಸರಕಿಗೆ 1878ರ ಸಮುದ್ರಸುಂಕದ ಶಾಸನವೇ ಶಿಕ್ಷಕ. ಅದರ 167ನೆಯ ಪ್ರಕರಣದ ಎಂಟನೆಯ ಅಂಶದಂತೆ ನಿಷಿದ್ಧವಾದ ಸರಕು ಮುಟ್ಟುಗೋಲಿಗೆ ಗುರಿ. ಸಂಬಂಧಪಟ್ಟವನಿಗೆ ಸರಕಿನ ಬೆಲೆಯ ಮೂರರಷ್ಟರವರೆಗೆ, ಅಥವಾ 1000 ರೂಪಾಯಿಗಳವರೆಗೆ ದಂಡ. 183ನೆಯ ಪ್ರಕರಣದಂತೆ ಅಧಿಕಾರಿಯು ಗೊತ್ತುಮಾಡಿದ ಮೊತ್ತವನ್ನು ಕೊಟ್ಟು ಮುಟ್ಟುಗೋಲಿನಿಂದ ಸರಕನ್ನು ಬಿಡಿಸಿಕೊಳ್ಳುವ ಅವಕಾಶವುಂಟು. ಮೇಲಧಿಕಾರಿಗೆ ಅಪೀಲು, ಅದರ ಮೇಲೆ ಸರಕಾರಕ್ಕೆ ಅರ್ಜಿ. ಮೈಸೂರು ಸಂಸ್ಥಾನಕ್ಕೆ ಸ್ವಂತ ಕಡಲತೀರವಿಲ್ಲದಿದ್ದುದರಿಂದ ಅಲ್ಲಿಯ ವರ್ತಕನ ಸರಕೂ ಬ್ರಿಟಿಷ್ ಇಂಡಿಯಾದ ಬಂದರುಗಳಲ್ಲಿ ಈ ಶಾಸನಕ್ಕೇ ತಲೆಬಾಗಬೇಕಾಗಿದ್ದಿತು.

ನೋಡಿ, ಇಲ್ಲಿ ಪರಿಹಾರದ ಬಾಗಿಲು ಇಲ್ಲದಿಲ್ಲ. ಆದರೆ ಅದೆಲ್ಲ ಅಧಿಕಾರಿಯ ಬಾಗಿಲು. ಅಮೆರಿಕದ 1797ರ ಶಾಸನದ ಮಟ್ಟದಲ್ಲಿಯೇ ನಾವು ನಿಂತೆವು. ಯುದ್ಧ ಮುಗಿದ ಬಳಿಕ ನಡೆದುದಂತೂ 1813ಕ್ಕೆ ತೀರ ವಿರುದ್ಧವಾದುದು. ಕಾನೂನಿನ ದೃಷ್ಟಿಯಿಂದ ಯುದ್ಧ ಮುಗಿದುದು 1946ರ ಏಪ್ರಿಲ್ 1ಕ್ಕೆ ಎಂದಾಗಿ, ಅಲ್ಲಿಂದ ಆರು ತಿಂಗಳಿಗೆ, ಸೆಪ್ಟೆಂಬರ್ 30ಕ್ಕೆ ಭಾರತರಕ್ಷಣಾ ಶಾಸನವು ಕೊನೆಗೊಂಡಿತು. ತಾತ್ಕಾಲಿಕವಾದ ಶಾಸನವೊಂದು ತನ್ನ ಅವಧಿ ತೀರಿ ಸತ್ತರೆ, ಬೇರೆ ಏರ್ಪಾಡಿಲ್ಲದ ಪಕ್ಷದಲ್ಲಿ, ಅದರ ಕೆಳಗೆ ಹೊಸದಾಗಿ ಶಿಕ್ಷೆ ವಿಧಿಸುವಂತಿಲ್ಲವೆಂಬುದು ಸಾಮಾನ್ಯವಾದ ನ್ಯಾಯಸೂತ್ರ. ರದ್ದಾದ ಶಾಸನಕ್ಕೆ 1897ರ ಸಾಮಾನ್ಯ ಪ್ರಕರಣಗಳ ಶಾಸನದ ಆರನೆಯ ಪ್ರಕರಣ ರಕ್ಷೆ ಕೊಡುತ್ತದೆ, ಅವಧಿ ತೀರಿದುದಕ್ಕೆ ಕೊಡುವುದಿಲ್ಲ. ಇದನ್ನು ಬಲ್ಲ ಸರಕಾರವು 1946ರ 12ನೆಯ ಸುಗ್ರೀವಾಜ್ಞೆಯಿಂದ ಮೊದಲೇ ತಿದ್ದುಪಡಿ ಮಾಡಿ, ಶಾಸನ ಹೋದರೂ ಅದರ ಕೆಳಗೆ ತಗಲಿದ ದಂಡ ಶಿಕ್ಷೆಗಳು ಹೋಗದಂತೆ ಕಟ್ಟಿತು. ಅದೇ ವರ್ಷದ 20ನೆಯ ಸುಗ್ರೀವಾಜ್ಞೆಯಿಂದ ಹತೋಟಿಯನ್ನು ಮುಂದುವರಿಸಿತು. 1947ರ ಮಾರ್ಚ್ ತಿಂಗಳಲ್ಲಿ ಆಮದು ರಫ್ತುಗಳ ಹತೋಟಿಯ ಶಾಸನ ಬಂದು, ಯುದ್ಧಕಾಲದ ಆಜ್ಞೆಗಳನ್ನು ತನ್ನವೆಂದು ಅಂಗೀಕರಿಸಿತು. ಮೂರು ವರ್ಷಕ್ಕೆಂದು ಹುಟ್ಟಿದ ಆ ಶಾಸನ ಅವಧಿಯ ಮೇಲೆ ಅವಧಿ ಪಡೆದು 1992ರವರೆಗೆ ಬಾಳಿತು.

ಹೀಗೆ ಮಾಡಿದುದೆಲ್ಲ ಅನ್ಯಾಯವೆಂದು ನಾವು ಹೇಳುವುದಿಲ್ಲ. 1943ರ ಬಂಗಾಳದ ಕ್ಷಾಮವನ್ನೂ, ಬಟ್ಟೆ ಸೀಮೆಎಣ್ಣೆಗಳ ಕಾಳಸಂತೆಯನ್ನೂ ಕಂಡ ಜನರು ವರ್ತಕರಿಗೆ ಕ್ಷಮೆಯೆಂಬ ಮಾತನ್ನು ಕೇಳಲು ಸಿದ್ಧರಿರಲಿಲ್ಲ, ಸಿದ್ಧರಿರಬೇಕಾಗಿಯೂ ಇರಲಿಲ್ಲ. ದೂರವೇನೆಂದರೆ, ಕಾಳಸಂತೆಯವನನ್ನೂ ದಿನಾಂಕಗಳ ನಡುವೆ ಸಿಕ್ಕಿದವನನ್ನೂ ಬೇರ್ಪಡಿಸುವ ಸಾಮಾನ್ಯ ಶಾಸನವೊಂದು ಇಲ್ಲದೆ ಹೋಯಿತು. ಅಸಾಧಾರಣ ಲಾಭದ ಪ್ರಶ್ನೆಯಾದರೋ, ಗ್ಯಾಲಟಿನ್ನನನ್ನು ಕಾಡಿದುದು, ಅದಕ್ಕೆ ನಮ್ಮಲ್ಲಿ ಬೇರೆಯೇ ಸಾಧನವಿದ್ದಿತು. 1940ರ ಅಧಿಕ ಲಾಭಗಳ ತೆರಿಗೆಯ ಶಾಸನವು ಯುದ್ಧದಿಂದ ಹೆಚ್ಚಿದ ಲಾಭದ ಅರ್ಧವನ್ನೂ, ತರುವಾಯ ಮೂರರಲ್ಲಿ ಎರಡು ಪಾಲನ್ನೂ ಬೊಕ್ಕಸಕ್ಕೆ ಸೆಳೆಯಿತು. ಲಾಭಕ್ಕೆ ತೆರಿಗೆ, ತಪ್ಪಿಗೆ ದಂಡ ಎಂದು ಎರಡನ್ನೂ ಬೇರೆಯಾಗಿಡುವ ಈ ಕ್ರಮ 1812ರ ವಾದಿಗಳಿಗೆ ಹೊಳೆದಿದ್ದರೆ ಅವರ ಜಗಳ ಅರ್ಧಕ್ಕರ್ಧ ಇಳಿಯುತ್ತಿದ್ದಿತು. ಅಂಥ ತೆರಿಗೆ ಇಲ್ಲದುದರಿಂದಲೇ ಗ್ಯಾಲಟಿನ್ನನು ದಂಡವನ್ನು ತೆರಿಗೆಯಂತೆ ಬಳಸಲೆತ್ನಿಸಿದನು. ಚೀವ್ಸನು ಅದನ್ನು ತಡೆದುದು ಸರಿ, ಆದರೆ ಲಾಭವೆಲ್ಲ ವರ್ತಕರ ಪೆಟ್ಟಿಗೆಯಲ್ಲಿಯೇ ಉಳಿಯಿತು, ಬೆಲೆ ತೆತ್ತವರು ಕೊಂಡುಟ್ಟ ಜನರು.

ಬಂದರಿನ ದಂಡ ಉಪ್ಪಿನಬೆಟಗೇರಿಯಂಥ ಊರನ್ನು ಹೇಗೆ ಮುಟ್ಟುವುದೆಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ಮುಂಬಯಿಯ ಆಮದುದಾರನೊಬ್ಬ 183ನೆಯ ಪ್ರಕರಣದಂತೆ ದಂಡ ಕೊಟ್ಟು ಬಣ್ಣದ ಪೀಪಾಯಿಗಳನ್ನು ಬಿಡಿಸಿಕೊಂಡನೆನ್ನೋಣ. ಆ ದಂಡ ಅವನ ಲೆಕ್ಕದ ಪುಸ್ತಕದಲ್ಲಿ ಸರಕಿನ ಅಸಲಿಗೇ ಸೇರುತ್ತದೆ. ಹುಬ್ಬಳ್ಳಿಯ ಸಗಟು ವ್ಯಾಪಾರಿ ಅದರ ಮೇಲೆ ತನ್ನ ಬಡ್ಡಿ ಹಾಕುತ್ತಾನೆ. ಹಳ್ಳಿಯ ಅಂಗಡಿಯವನು ಆ ಬೆಲೆಗೆ ಕೊಂಡು, ಬೆಲೆಯ ಹತೋಟಿಯಿದ್ದರೆ ಕಟ್ಟುಬೆಲೆಗೆ ಮಾರಬೇಕು. ಮೀರಿ ಮಾರಿದರೆ ಅವನಿಗೂ ಬೇರೆ ದಂಡ. ನೂಲಿಗೆ ಬಣ್ಣ ಹಾಕುವವನು ಕಡೆಗೆ ಬಣ್ಣವಿಲ್ಲದೆ ಕುಳಿತುಕೊಳ್ಳುತ್ತಾನೆ. ಬಂದರಿನಲ್ಲಿ ಬಿಟ್ಟುಕೊಟ್ಟ ದಂಡ ಆಮದುದಾರನಿಗೆ ಮಾತ್ರ ಮಾಡಿದ ಉಪಕಾರವೆಂದು ತಿಳಿಯುವುದು ಆದುದರಿಂದ ಪೂರ್ತಿ ಸರಿಯಲ್ಲ.

1813ರ ತತ್ತ್ವ ನಮ್ಮ ದೇಶಕ್ಕೆ ಬಾರದೆ ಹೋಗಲಿಲ್ಲ. ಬಂದುದು ಯುದ್ಧದ ಬಾಗಿಲಿನಿಂದಲ್ಲ, ನಿತ್ಯವ್ಯವಹಾರದ ಹಿತ್ತಿಲಿನಿಂದ. ಇಂದಿನ ವಿದೇಶ ವ್ಯಾಪಾರ ನೀತಿಯಲ್ಲಿ ಒಂದು ಏರ್ಪಾಡಿದೆ. ಇದುವರೆಗೆ ಮುಕ್ತವಾಗಿದ್ದ ಸರಕಿನ ಆಮದನ್ನು ಸರಕಾರ ಹಠಾತ್ತಾಗಿ ನಿರ್ಬಂಧಿಸಿದರೆ, ನಿರ್ಬಂಧದ ದಿನಕ್ಕೆ ಮುಂಚೆ ಹಡಗು ಹತ್ತಿದ ಸರಕನ್ನೂ, ಅದಕ್ಕೆ ಮುಂಚೆ ಬ್ಯಾಂಕಿನಲ್ಲಿ ಹಿಂದೆಗೆಯಲಾಗದ ಸಾಲಪತ್ರ ತೆರೆದು ಗೊತ್ತಾದ ಅವಧಿಯೊಳಗೆ ನೋಂದಾಯಿಸಿದ ಸರಕನ್ನೂ, ನಿರ್ಬಂಧದ ಪ್ರಕಟಣೆಯಲ್ಲಿಯೇ ಬೇರೆ ಮಾತಿಲ್ಲದಿದ್ದರೆ, ಸಾಮಾನ್ಯವಾಗಿ ಒಳಕ್ಕೆ ಬಿಡಬೇಕು. ಹಡಗು ಹತ್ತಿದ ದಿನಕ್ಕೆ ಸಾಕ್ಷಿ ಹಡಗಿನವರು ಬರೆದುಕೊಟ್ಟ ರವಾನೆಪತ್ರದ ದಿನಾಂಕ. ಗ್ಯಾಲಟಿನ್ನನ ಕಾಲದಲ್ಲಿ ಸರಕು ಬಂದು ಸಿಕ್ಕಿಬಿದ್ದ ಮೇಲೆ, ಸಭೆ ಸೇರಿ, ತಿಂಗಳುಗಟ್ಟಲೆ ವಾದಿಸಿ ಕೊಟ್ಟ ಪರಿಹಾರವನ್ನು ಇಲ್ಲಿ ಮುಂಚಿತವಾಗಿಯೇ ಬರೆದಿಟ್ಟಿದ್ದಾರೆ.

ಕೊರತೆಯೊಂದಿದೆ. ಈ ರಕ್ಷೆ ದೊರೆಯುವುದು ಕಾಗದವಿರುವವನಿಗೆ. ಬ್ಯಾಂಕಿನ ಸಾಲಪತ್ರವೂ ಹಡಗಿನ ರವಾನೆಪತ್ರವೂ ಮುಂಬಯಿ, ಮಂಗಳೂರುಗಳ ಆಮದುದಾರನ ಹೆಸರಿನಲ್ಲಿರುತ್ತವೆ. ಅವನಿಗೆ ಮುಂಗಡ ಕೊಟ್ಟು ಸರಕಿಗೆ ಕಾದಿರುವ ಧಾರವಾಡದ ವ್ಯಾಪಾರಿಯ ಕೈಯಲ್ಲಿರುವುದು ಒಂದು ಚೀಟಿ; ಹಳ್ಳಿಯ ಅಂಗಡಿಯವನ ಬಳಿ ಇರುವುದು ಬಾಯಿಮಾತು. ಆಮದುದಾರನು ನೋಂದಣಿಯ ಅವಧಿಯನ್ನು ಮೀರಿದರೆ ಸರಕು ಬಂದರಿನಲ್ಲಿ ನಿಲ್ಲುತ್ತದೆ, ಮುಂಗಡ ಕೊಟ್ಟವನು ಸುಂಕದ ಅಧಿಕಾರಿಯ ಮುಂದೆ ಹೋಗಿ ನಿಲ್ಲುವಂತೆಯೂ ಇಲ್ಲ. ಅವನಿಗಿರುವುದು ಆಮದುದಾರನ ಮೇಲೆ ಸಿವಿಲ್ ದಾವೆಯೊಂದೇ. ಚೀಟಿಯಲ್ಲಿ ಸರಕಿನ ಹೆಸರು, ಬೆಲೆ, ಮುಟ್ಟಿಸತಕ್ಕ ದಿನ ಇವು ಮೂರೂ ಬರೆದಿದ್ದರೆ ಆ ದಾವೆಯನ್ನು ರುಜುಪಡಿಸುವುದು ಸುಲಭ. ನಮ್ಮ ಪೇಟೆಗಳಲ್ಲಿ ಮುಂಗಡದ ಚೀಟಿಯ ಮೇಲೆ ಇವು ಮೂರೂ ಒಟ್ಟಿಗೆ ಕಾಣುವುದು ಅಪರೂಪ.